ಕರಿಗುಡ್ಡವಾಡಿಯ ಬಿಳಿ ರಸ್ತೆ

ಮನುಷ್ಯರ ಜಾತಕ ಬರೆಯುವವರು ಕಡಿಮೆಯಾಗಿ ರಸ್ತೆಗಳ ಜಾತಕ ಬರೆಯುವವರು ಹೆಚ್ಚಾಗಿದ್ದ ಕಾಲ ಅದು. ಇಸವಿ ಎರಡು ಸಾವಿರದ ಅರವತ್ತೊಂದು. ಬೇಸಿಗೆ ಫೆಬ್ರವರಿಯಲ್ಲಿ ಬಂದು ಕೂತರೆ ಜುಲೈವರೆಗೆ ಏಳುತ್ತಿರಲಿಲ್ಲ. ಕಲಬುರಗಿ ಸೀಮೆಯಲ್ಲಿ ನಲವತ್ತೆಂಟು ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಮನುಷ್ಯ ಹೇಗೋ ನೆರಳು ಹುಡುಕಿಕೊಂಡ, ರಸ್ತೆ ಪಾಪ ಎಲ್ಲಿಗೆ ಹೋಗಬೇಕು? ಕಪ್ಪು ಡಾಂಬರು ಬೆಳಗಿನಿಂದ ಬಿಸಿಲು ಕುಡಿದು ಮಧ್ಯಾಹ್ನಕ್ಕೆ ಅರವತ್ತೈದು ಡಿಗ್ರಿ ಮುಟ್ಟುತ್ತಿತ್ತು. ಮೆತ್ತಗಾದ ಡಾಂಬರಿನ ಮೇಲೆ ಲಾರಿ ಹಾದರೆ ಗಾಲಿಯ ಪಡಿಯಚ್ಚು ಬೀಳುತ್ತಿತ್ತು. ಮಳೆಗಾಲದಲ್ಲಿ ಒಂದೇ ಏಟಿಗೆ ಸುರಿಯುವ ಮಳೆ ಆ ತಗ್ಗಿಗಿಳಿದು ಕೆಳಗಿನ ಜಲ್ಲಿಯನ್ನೇ ಕೊಚ್ಚಿಕೊಂಡು ಹೋಗುತ್ತಿತ್ತು. ಹತ್ತು ವರ್ಷ ಬಾಳಬೇಕಾದ ರಸ್ತೆ ಎರಡೇ ವರ್ಷಕ್ಕೆ ಮಲಗುತ್ತಿತ್ತು.

ದುರಸ್ತಿ ಮಾಡಿ ಮಾಡಿ ಸರ್ಕಾರ ಸುಸ್ತಾಯಿತು. ಕೊನೆಗೆ ರಸ್ತೆಗಳಲ್ಲಿ ನೂರು ಮೀಟರಿಗೊಂದರಂತೆ ನಾಣ್ಯದಷ್ಟು ದೊಡ್ಡ ಬಿಲ್ಲೆಗಳನ್ನು ಹುಗಿದರು. ಅವಕ್ಕೆ ನಾಡಿಬಿಲ್ಲೆ ಎಂದು ಹೆಸರು. ರಸ್ತೆಯ ಬಿಸಿ ಎಷ್ಟು, ಅದರ ಮೇಲೆ ಹೋಗುವ ಭಾರ ಎಷ್ಟು ಎಂದು ಅವು ಕ್ಷಣಕ್ಷಣಕ್ಕೂ ಕಲಬುರಗಿಯ ರಸ್ತೆ ಆಯುಷ್ಯ ಕೇಂದ್ರಕ್ಕೆ ತಿಳಿಸುತ್ತಿದ್ದವು. ಅಲ್ಲಿದ್ದ ಲೆಕ್ಕದ ಯಂತ್ರವನ್ನು ಕೆಲಸಗಾರರೆಲ್ಲ ಪಟವಾರಿ ಎಂದು ಕರೆಯುತ್ತಿದ್ದರು. ಈ ರಸ್ತೆಗೆ ಇನ್ನೆಷ್ಟು ದಿನ, ಉಳಿಸಲು ಖರ್ಚೆಷ್ಟು, ಉಳಿದರೆ ಲಾಭವೆಷ್ಟು ಎಂದು ಪಟವಾರಿ ಹೇಳುತ್ತಿತ್ತು. ಖರ್ಚು ಹೆಚ್ಚೆಂದು ಕಂಡರೆ ರಸ್ತೆಯ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಮರುವಾರವೇ ಯಂತ್ರಗಳು ಬಂದು ಡಾಂಬರು ಕೆರೆದು, ಬದುಕಿರುವ ಇನ್ನೊಂದು ರಸ್ತೆಯ ತೇಪೆಗೆ ಒಯ್ಯುತ್ತಿದ್ದವು. ಆ ಊರಿಗೆ ಆಮೇಲೆ ಬಸ್ಸೂ ಇಲ್ಲ, ಅಂಬುಲೆನ್ಸೂ ಇಲ್ಲ.

ಜಗದೇವಿ ಈ ಕೇಂದ್ರದ ಎಂಜಿನಿಯರು. ವಯಸ್ಸು ನಲವತ್ತೆರಡು, ತವರು ಕರಿಗುಡ್ಡವಾಡಿ. ಒಂಬತ್ತು ವರ್ಷದ ಹಿಂದೆ ಬಿಸಿಲು ತಡೆಯುವ ಹೊಸ ಡಾಂಬರು ತಯಾರಾಗಿತ್ತು. ಅದರ ಹೆಸರು ಮಿಶ್ರಣ ಹದಿನಾಲ್ಕು. ಅದನ್ನು ಪರೀಕ್ಷಿಸಲು ತೀರಾ ಬಿಸಿಲಿನ ಜಾಗ ಬೇಕೆಂದಾಗ, ‘ನಮ್ಮೂರಿಗಿಂತ ಬಿಸಿಲಿನ ಜಾಗ ಇನ್ಯಾವುದ್ರಿ ಸರ್’ ಎಂದು ಕೈ ಎತ್ತಿದವಳು ಇವಳೇ. ಊರಿಗೊಂದು ರಸ್ತೆ ಆಗಲಿ ಎಂಬ ಆಸೆ ಯಾರಿಗಿರುವುದಿಲ್ಲ ಹೇಳಿ. ಊರ ನಡುವೆ ಹಾದು ಹೋಗುವ ಮೂರು ಕಿಲೋಮೀಟರು ರಸ್ತೆ ಹಾಕಿದರು.

ಆ ರಸ್ತೆ ಎಲ್ಲರ ಬಾಯಿ ಮುಚ್ಚಿಸಿತು. ಪಕ್ಕದೂರುಗಳ ರಸ್ತೆ ಅರವತ್ತೈದರಲ್ಲಿ ಕುದಿಯುವಾಗ ಇದು ಐವತ್ತು ದಾಟಲಿಲ್ಲ. ವರ್ಷ ಕಳೆದಂತೆ ಅದರ ಮೈ ಬೆಳ್ಳಗಾಗುತ್ತ ಬಂತು. ಮೇಲಿಂದ ತೆಗೆದ ಫೋಟೋ ನೋಡಿ ಪ್ರಯೋಗಾಲಯದ ಪಂಡಿತರು, ಮೇಲ್ಪದರ ಸವೆದಂತೆ ಮಿಶ್ರಣದೊಳಗಿನ ಬಿಳಿ ಹರಳು ಹೊರಬರುತ್ತಿದೆ, ಅದು ಬಿಸಿಲನ್ನು ಹಿಂದಕ್ಕೆ ಕಳಿಸುತ್ತಿದೆ ಎಂದು ಬರೆದರು. ಜಗದೇವಿ ವರ್ಷಕ್ಕೊಮ್ಮೆ ಹೋಗಿ ತಪಾಸಣೆಯ ಫಾರಂ ತುಂಬುತ್ತಿದ್ದಳು. ಅದರ ಕೊನೆಯ ಕಲಮು, ‘ಹಾಕಿದ ಮೇಲೆ ನಡೆದ ನಿರ್ವಹಣೆ’. ಒಂಬತ್ತು ವರ್ಷವೂ ಅವಳು ಅಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿದ್ದಳು.

ಆ ಒಂಬತ್ತು ಫಾರಂಗಳನ್ನು ನಂಬಿ ಹೋದ ಚಳಿಗಾಲದಲ್ಲಿ ರಾಜ್ಯದ ನಾಲ್ಕು ಸಾವಿರದ ಇನ್ನೂರು ಕಿಲೋಮೀಟರು ಹೆದ್ದಾರಿಗೆ ಮಿಶ್ರಣ ಹದಿನಾಲ್ಕನ್ನೇ ಹಾಕಿದರು. ಹತ್ತೊಂಬತ್ತು ವರ್ಷ ಚಿಂತೆಯಿಲ್ಲ ಎಂದು ಪಟವಾರಿ ಷರಾ ಬರೆಯಿತು. ಜಗದೇವಿಗೆ ಶಾಲು, ಹಾರ, ಬಡ್ತಿ ಎಲ್ಲ ಸಿಕ್ಕಿತು. ಹೊಸ ಹೆದ್ದಾರಿಗಳಿಗೆ ಇದೇ ಮೊದಲ ಬೇಸಿಗೆ, ನಲವತ್ತೆಂಟು ಡಿಗ್ರಿ ಮುಟ್ಟಿದ್ದು ಈ ಮೇ ತಿಂಗಳಲ್ಲೇ.

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕೇಂದ್ರದ ದೊಡ್ಡ ಪರದೆಯಲ್ಲಿ ಕರಿಗುಡ್ಡವಾಡಿಯ ಗೆರೆ ಹಳದಿಯಾಯಿತು. ಐವತ್ತೆಂಟು. ಜಗದೇವಿ ಚಹಾದ ಲೋಟ ಕೆಳಗಿಟ್ಟಳು. ಒಂಬತ್ತು ವರ್ಷದಲ್ಲಿ ಆ ಗೆರೆ ಹಸಿರು ಬಿಟ್ಟು ಬೇರೆ ಬಣ್ಣ ತೋರಿಸಿದ್ದೇ ಇಲ್ಲ. ಹನ್ನೊಂದೂವರೆಗೆ ಅರವತ್ತೆರಡು. ಹನ್ನೆರಡಕ್ಕೆ ಅರವತ್ತೇಳು, ಗೆರೆ ಕೆಂಪು.

ಮುಖ್ಯ ಎಂಜಿನಿಯರು ಗಿರಿಮಲ್ಲಪ್ಪನವರು ತಮ್ಮ ಕೋಣೆಯಿಂದ ಕನ್ನಡಕ ಒರೆಸುತ್ತ ಬಂದರು. “ಏನ್ರಿ ಇದು ಜಗದೇವಿ, ನಿಮ್ಮೂರಿಗೆ ಏನಾಗ್ಯದ?”

“ಬಿಲ್ಲೆ ಕೆಟ್ಟಿರಬೇಕು ಸರ್.”

“ಮೂವತ್ತು ಬಿಲ್ಲೆ ಒಮ್ಮಿಗೇ ಕೆಡ್ತಾವೇನು?”

ಜಗದೇವಿ ಹಿಂದಿನ ದಿನಗಳ ಅಂಕಿ ತೆಗೆದು ನೋಡಿದಳು. ಶುಕ್ರವಾರ ಐವತ್ತು. ಶನಿವಾರ ಐವತ್ತೆರಡು. ಅಲ್ಲಿಂದ ದಿನಾ ಮೆಟ್ಟಿಲು ಹತ್ತಿದಂತೆ ಏರಿತ್ತು. ಶನಿವಾರ ಆ ಊರಲ್ಲಿ ಏನಾಯಿತು ಎಂದು ತಲೆ ಕೆರೆದುಕೊಂಡಳು. ಶನಿವಾರ ಆಗಿದ್ದು ಒಂದೇ, ಅದು ರಸ್ತೆಯ ಸಂಗತಿಯಾಗಿರಲಿಲ್ಲ. ಅವಳ ಅಕ್ಕ ಭಾಗಮ್ಮ ಬೆಳಗಿನ ಐದೂವರೆಗೆ ಸಾರಿಸುತ್ತ ಸಾರಿಸುತ್ತಲೇ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಊರವರು ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ಕಲಬುರಗಿಯ ಆಸ್ಪತ್ರೆಗೆ ತಂದಿದ್ದರು.

ಮಧ್ಯಾಹ್ನ ಗಂಜಿಯ ಡಬ್ಬಿ ಹಿಡಿದು ಜಗದೇವಿ ಆಸ್ಪತ್ರೆಗೆ ಹೋದಳು. ವಾರ್ಡಿನ ಬಾಗಿಲಲ್ಲೇ ಡಾಕ್ಟರು ನಿಲ್ಲಿಸಿದರು. ಭಾಗಮ್ಮನಿಗೆ ಐವತ್ತೆಂಟು ವರ್ಷ. ವರ್ಷಗಟ್ಟಲೆ ಕಾವಿನಲ್ಲಿ ಬಗ್ಗಿ ಬಗ್ಗಿ ದುಡಿದು, ನೀರು ಸಾಲದೆ, ಎರಡೂ ಮೂತ್ರಪಿಂಡ ಸೋತಿವೆ. “ನೋಡ್ರಿ, ಈಗ ಉಳದಾರ. ಇನ್ನೊಂದ್ಸಲ ಕಾವಿನಾಗ ಬಿದ್ರ ಏಳಂಗಿಲ್ಲ. ಬೆಳಗಿನ ಹೊತ್ತೂ ಬ್ಯಾಡ. ಈಗ ಬೆಳಗ್ಗೆ ಐದಕ್ಕೇ ಮೂವತ್ತೆಂಟು ಡಿಗ್ರಿ ಇರ್ತದ.”

ಅವ್ವ ಸತ್ತಾಗ ಜಗದೇವಿಗೆ ಐದು ವರ್ಷ. ಎತ್ತಿ ಆಡಿಸಿದವಳು, ಕೂಲಿ ಮಾಡಿ ಓದಿಸಿದವಳು ಭಾಗಮ್ಮ. ಜಗದೇವಿ ಮುಖ ಒರೆಸಿಕೊಂಡು ಒಳಗೆ ಹೋದಳು.

ಭಾಗಮ್ಮ ಎದ್ದು ಕೂತಿದ್ದಳು. “ಯಾಕ ತಂಗಿ, ಮಾರಿ ಸಣ್ಣ ಮಾಡ್ಕೊಂಡು ಬಂದಿ? ನಾ ಏನ್ ಸತ್ತೀನೇನು?”

“ಕಚೇರ್ಯಾಗ ಜರಾ ತ್ರಾಸ ಆಗ್ಯದ ಅಕ್ಕ. ನೀ ಗಂಜಿ ಕುಡಿ.”

“ಊರಾಗೂ ತ್ರಾಸೇ ಅಂತ. ಮುಂಜಾನಿ ಬಾಜೂಮನಿ ಕಾಶಿಬಾಯಿ ಫೋನ್ ಮಾಡಿದ್ಳು. ನಾ ಬಿದ್ದಾಗಿಂದ ಹೆಂಗಸ್ರು ಹೆದರ್ಯಾರ. ಒಬ್ಬಾಕೀನೂ ಸಾರಿಸಿಲ್ಲ. ರೋಡು ಮದಲಿನಂಗ ಕರ್ರಗ ಆಗಿ ಕೆಂಡ ಆಗ್ಯದಂತ, ಮನಿ ಬಾಗ್ಲಾಗ ಕುಂದ್ರಾಕ ಆಗವಲ್ದಂತ.”

ಗಂಜಿಯ ಚಮಚ ಜಗದೇವಿಯ ಕೈಯಲ್ಲೇ ನಿಂತಿತು.

“ರೋಡ್ ಸಾರಿಸ್ತೀರೇನು?”

“ಏನ್ ಹೊಸದಾಗಿ ಕೇಳ್ತಿ? ನೀ ಬಂದಾಗ ನೋಡಿಲ್ಲೇನು? ಮತ್ತ ಕಣ ಎಲ್ಲಿ ಉಳದದ ನಮಗ? ರಾಶಿ ಮಾಡೋದೂ ಅದರ ಮ್ಯಾಲೆ, ಮೆಣಸಿನಕಾಯಿ ಒಣಗ್ಸೋದೂ ಅದರ ಮ್ಯಾಲೆ.”

ನೋಡಿದ್ದಳು. ಒಂಬತ್ತು ವರ್ಷದಿಂದ ನೋಡಿದ್ದಳು. ಬೆಳಗಿನ ಜಾವ ಹೆಂಗಸರು ಸೆರಗು ಸಿಕ್ಕಿಸಿ, ಬಗ್ಗಿ, ಸಗಣಿ ಕಲಸಿದ ನೀರಿನಿಂದ ನೆಲ ಸಾರಿಸುವುದನ್ನು ಹುಟ್ಟಿದಂದಿನಿಂದ ನೋಡಿದವಳು. ಚಿಕ್ಕಂದಿನಲ್ಲಿ ತಾನೂ ಸಾರಿಸಿದವಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಪರವೂರಿನ ಎಂಜಿನಿಯರಾಗಿದ್ದರೆ ಮೊದಲ ದಿನವೇ ಇದೇನಿದು ಎಂದು ನಿಂತು ಕೇಳುತ್ತಿದ್ದ. ಇವಳಿಗೆ ಅದು ಹೆಂಗಸರು ಬೆಳಿಗ್ಗೆ ಎದ್ದು ಮಾಡುವ ಕೆಲಸವಾಗಿ ಕಂಡಿತ್ತು, ಅಷ್ಟೇ. ಅದನ್ನು ದಾಟಿಕೊಂಡು ಹೋಗಿ ರಸ್ತೆಯನ್ನು ಪರೀಕ್ಷಿಸಿ ಬಂದಿದ್ದಳು.

“ಅದಕ್ಕ ಏನೇನು ಹಾಕ್ತೀರಿ ಅಕ್ಕ?” ಎಂದಳು.

ಭಾಗಮ್ಮನಿಗೆ ಹುರುಪು ಬಂತು. “ಮದಲು ಬರೇ ಸಗಣಿ ಹಾಕ್ತಿದ್ವಿ. ಹೊಸ ರೋಡ್ ಆದಾಗ, ನಿಮ್ಮೋರು ಬಿಲ್ಲೆ ಹುಗಿಯೂಕಿಂತ ಮದಲೇ, ಎಂಥಾ ಕಾವು ಅಂತಿ, ಹುಡುಗರ ಕಾಲಿಗೆ ಬೊಬ್ಬಿ ಬಂದ್ವು. ನಾನು ಗ್ವಾಡಿಗೆ ಬಳಿಯೋ ಬಿಳಿಮಣ್ಣು, ಸುಣ್ಣ ಕೂಡ್ಸಿ ಕಲಸಿ ನೋಡ್ದೆ. ನಮ್ಮ ಮನಿ ಮುಂದ ಕಾಲಿಡಂಗಾತು. ಮರುದಿನ ಕಾಶಿಬಾಯಿ ಮಾಡಿದ್ಳು. ಆಮ್ಯಾಲ ಊರಿಗೆ ಊರೇ ಹಿಡ್ಕೊಂತು. ನೂರಾ ಹನ್ನೆರಡು ಮನಿ, ಮನಿಗಿಷ್ಟು ಅಂತ ರೋಡ್ ಹಂಚ್ಕೊಂಡೀವಿ. ಗಾಡಿ ಹಾದು ಸವದು ಹೋಗ್ತದ, ಅದಕ್ಕ ದಿನಾ ಮಾಡಬೇಕು. ಎರಡು ತಾಸಿನ ಕೆಲಸ.”

“ಯಾರರ ಏನರ ಕೊಟ್ಟಾರೇನು ಇದಕ್ಕ?”

ಭಾಗಮ್ಮ ನಕ್ಕಳು. “ಮನಿ ಮುಂದ ಸಾರಸಾಕ ಯಾರ್ ಕೂಲಿ ಕೊಡ್ತಾರ ಹುಚ್ಚಿ?”

ಜಗದೇವಿ ಎದ್ದಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಎಲ್ಲ ಲೆಕ್ಕ ಕೂಡಿಬಂತು. ಮಿಶ್ರಣ ಹದಿನಾಲ್ಕರೊಳಗೆ ಏನೂ ಇರಲಿಲ್ಲ. ಹರಳೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಬಿಸಿಲನ್ನು ಹಿಂದಕ್ಕೆ ಕಳಿಸಿದ್ದು ಅಕ್ಕನ ಸುಣ್ಣ ಮತ್ತು ಬಿಳಿಮಣ್ಣು, ಅದನ್ನು ಹಿಡಿದು ಕೂರಿಸಿದ್ದು ಸಗಣಿ. ಕೆಳಗಿನ ಡಾಂಬರು ನೆರಳಲ್ಲಿ ಮಲಗಿ ಹೆಸರು ತಗೊಂಡಿತ್ತು. ಅದನ್ನೇ ನಾಲ್ಕು ಸಾವಿರದ ಇನ್ನೂರು ಕಿಲೋಮೀಟರಿಗೆ ಬರಿಮೈಯಲ್ಲಿ ಹಾಸಿದ್ದರು.

ಕೇಂದ್ರಕ್ಕೆ ಬಂದಾಗ ಯಾರೂ ತಮ್ಮ ಕುರ್ಚಿಯಲ್ಲಿರಲಿಲ್ಲ. ಎಲ್ಲರೂ ಪರದೆಯ ಮುಂದೆ ನಿಂತಿದ್ದರು. ಹೊಸ ಹೆದ್ದಾರಿಗಳ ಗೆರೆಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ಬೀದರಿನ ಕಡೆಯದು, ರಾಯಚೂರಿನ ಕಡೆಯದು, ವಿಜಯಪುರದ್ದು. ಪಕ್ಕದ ಪರದೆಯಲ್ಲಿ ಒಂದು ಮದುವೆಯ ಬಸ್ಸು ಅಚ್ಚಿನವರೆಗೆ ಡಾಂಬರಿನಲ್ಲಿ ಹೂತು ನಿಂತಿತ್ತು. ಇಳಿದವರ ಚಪ್ಪಲಿಗಳು ರಸ್ತೆಗೇ ಅಂಟಿಕೊಂಡು, ಜರತಾರಿ ಸೀರೆಯ ಹೆಂಗಸರು ಬರಿಗಾಲಲ್ಲಿ ಚೀರುತ್ತ ಹೊಲಕ್ಕೆ ಓಡುತ್ತಿದ್ದರು. ದನಿ ಇಲ್ಲದ ಚಿತ್ರ ಅದು, ಬಾಯಿ ಮಾತ್ರ ಕಾಣುತ್ತಿತ್ತು.

ಜಗದೇವಿ ಗಿರಿಮಲ್ಲಪ್ಪನವರನ್ನು ಕೋಣೆಗೆ ಕರೆದೊಯ್ದು ಎಲ್ಲ ಹೇಳಿದಳು. ಒಂದು ಮಾತನ್ನೂ ಮುಚ್ಚಿಡಲಿಲ್ಲ. ಅವರು ಬಾಟಲಿಯ ನೀರನ್ನೆಲ್ಲ ಕುಡಿದರು.

“ಸಗಣಿ,” ಎಂದರು.

“ಹೌದ್ರಿ ಸರ್.”

“ನಿರ್ವಹಣೆ ಇಲ್ಲ ಅಂತ ಬರದಿದ್ರಿ.”

“ನಾನೇ ಬರದಿದ್ದೆ ಸರ್. ನನ್ನ ನೌಕರಿ ಹೋಗ್ಲಿ. ಮದಲು ಹೆದ್ದಾರಿ ಬಂದ್ ಮಾಡಸ್ರಿ.”

ಅವರು ಹೆದ್ದಾರಿ ನಿಲ್ಲಿಸಿದರು. ಆದರೆ ಎಷ್ಟು ದಿನ ನಿಲ್ಲಿಸಲಿಕ್ಕಾಗುತ್ತದೆ? ಒಂದು ದಿನ ನಿಂತರೆ ಪೇಟೆಗೆ ತರಕಾರಿ ಇಲ್ಲ, ಎರಡು ದಿನ ನಿಂತರೆ ಆಸ್ಪತ್ರೆಗೆ ಔಷಧಿ ಇಲ್ಲ. ಎಲ್ಲ ಕಿತ್ತು ಹೊಸದಾಗಿ ಹಾಕಲು ರಾಜ್ಯದ ಮೂರು ವರ್ಷದ ಆದಾಯ ಬೇಕು. ಮೂರು ಗಂಟೆಗೆ ಇಬ್ಬರೂ ಪಟವಾರಿಯ ಮುಂದೆ ಕೂತರು. ಅದಕ್ಕೆ ನಿಜ ಹೇಳಿದರೆ ಅಗ್ಗದ ದಾರಿ ಹುಡುಕಿಕೊಡುತ್ತದೆ, ಹುಡುಕಿದ್ದನ್ನು ಒಂದು ತಾಸಿನೊಳಗೆ ತಾನೇ ಆಜ್ಞೆ ಮಾಡಿ ಹೊರಡಿಸುತ್ತದೆ. ಮನುಷ್ಯರ ಕೈಗೆ ಬಿಟ್ಟರೆ ಫೈಲು ಕೊಳೆಯುತ್ತದೆಂದು ಹತ್ತು ವರ್ಷದ ಹಿಂದೆ ಹಾಗೆ ಕಾನೂನು ಮಾಡಿದ್ದರು.

ಜಗದೇವಿ ಬರೆಯತೊಡಗಿದಳು. ಸಗಣಿ ಇಷ್ಟು, ಸುಣ್ಣ ಇಷ್ಟು, ಬಿಳಿಮಣ್ಣು ಇಷ್ಟು. ನೂರಾ ಹನ್ನೆರಡು ಹೆಂಗಸರು, ದಿನಕ್ಕೆ ಎರಡು ತಾಸು, ಒಂಬತ್ತು ವರ್ಷ. ‘ಈ ವಿಧಾನ ಕಂಡುಹಿಡಿದವರು’ ಎಂಬ ಕಲಮು ಬಂತು. ಅವಳ ಕಣ್ಣು ತುಂಬಿತು. ಮಾಡಿದ ತಪ್ಪನ್ನು ಇಷ್ಟಾದರೂ ತೊಳೆಯೋಣವೆಂದು ‘ಶ್ರೀಮತಿ ಭಾಗಮ್ಮ, ಕರಿಗುಡ್ಡವಾಡಿ’ ಎಂದು ಪೂರ್ತಿ ಹೆಸರು, ಫೋನ್ ನಂಬರು ಸಮೇತ ಬರೆದಳು.

ಮುಂದಿನ ಕಲಮು, ಈವರೆಗೆ ಕೊಟ್ಟ ಕೂಲಿ. ಮುಂದೆ ಕೊಡಬೇಕಾದ ಕೂಲಿಯನ್ನು ಪಟವಾರಿ ಇದರಿಂದಲೇ ಲೆಕ್ಕ ಹಾಕುತ್ತಿತ್ತು.

ಅವಳು ಗಿರಿಮಲ್ಲಪ್ಪನವರ ಮುಖ ನೋಡಿದಳು. “ಇವತ್ತಿನ ಕೂಲಿ ದರ ಹಾಕ್ರಿ,” ಎಂದರು ಅವರು. ಹಾಕಿದಳು. ಪಟವಾರಿ ಪಾವತಿಯ ರಸೀದಿ ಕೇಳಿತು. ಅರ್ಧ ದರ ಹಾಕಿದಳು. ಮತ್ತೆ ರಸೀದಿ ಕೇಳಿತು. ಕೊಡದ ಕೂಲಿಗೆ ರಸೀದಿ ಎಲ್ಲಿಂದ ತರುವುದು? ಗಿರಿಮಲ್ಲಪ್ಪನವರು ತಮ್ಮ ಅಧಿಕಾರದ ಗುಪ್ತಸಂಖ್ಯೆ ಹಾಕಿ ನೋಡಿದರು. ಆಧಾರವಿಲ್ಲದ ಅಂಕಿ ಎಂದು ಪಟವಾರಿ ಅದನ್ನು ತಳ್ಳಿ, ತಾನೇ ಸೊನ್ನೆ ತುಂಬಿಕೊಂಡಿತು.

ಉತ್ತರ ಬರಲು ಹನ್ನೊಂದು ನಿಮಿಷ ಹಿಡಿಯಿತು. ಬಂದ ಉತ್ತರ ನೋಡಿ ಗಿರಿಮಲ್ಲಪ್ಪನವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತುಬಿಟ್ಟರು.

ಹೊಸ ಡಾಂಬರು ಬೇಡ. ಹೆದ್ದಾರಿಯ ಎರಡೂ ಬದಿಯ ಹಳ್ಳಿಗಳ ಮಹಿಳೆಯರು ನಾಳೆಯಿಂದ ತಮ್ಮ ತಮ್ಮ ಪಾಲಿನ ರಸ್ತೆಯನ್ನು ಸಾರಿಸತಕ್ಕದ್ದು. ಹೆದ್ದಾರಿಯಲ್ಲಿ ಸಂಚಾರ ಹೆಚ್ಚಿರುವುದರಿಂದ ಬೆಳಿಗ್ಗೆ ಐದಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ, ದಿನಕ್ಕೆ ಮೂರು ಸಲ. ಸಾಮಗ್ರಿ ಸ್ಥಳೀಯ. ಕೆಲಸಗಾರರ ವೆಚ್ಚ ಸೊನ್ನೆ. ಕಲಿಸಲು ಕರಿಗುಡ್ಡವಾಡಿಯ ನುರಿತವರನ್ನು ನಾಳೆಯೇ ಹೆದ್ದಾರಿಗೆ ಕರೆಸತಕ್ಕದ್ದು.

“ಹನ್ನೆರಡಕ್ಕ,” ಎಂದಳು ಜಗದೇವಿ. “ಸರ್, ನಲವತ್ತೆಂಟು ಡಿಗ್ರ್ಯಾಗ. ಹೆದ್ದಾರಿ ಮ್ಯಾಲೆ. ಸಾಯ್ತಾರ ಸರ್.”

ಗಿರಿಮಲ್ಲಪ್ಪನವರು ಆ ಪ್ರಶ್ನೆಯನ್ನೂ ಪಟವಾರಿಗೆ ಹಾಕಿದರು. ಬಿಸಿಲಿನಿಂದಾಗುವ ಅನಾರೋಗ್ಯ ರಸ್ತೆಯ ಖರ್ಚಿನಲ್ಲಿ ಸೇರುವುದಿಲ್ಲ, ಅದು ಬೇರೆ ಇಲಾಖೆಯ ಬಾಬ್ತು ಎಂದು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಅವರು ರಾಜಧಾನಿಗೆ ಫೋನು ಹಚ್ಚಿದರು. ಅಲ್ಲಿಯವರು ಅರ್ಧ ತಾಸು ಕಾಯಿಸಿ, ಖರ್ಚಿಲ್ಲದೆ ಕೆಲಸ ಆಗುವುದಾದರೆ ಒಳ್ಳೆಯದೇ ಆಯಿತಲ್ಲ, ಈ ಬೇಸಿಗೆ ಕಳೆಯಲಿ, ಆಮೇಲೆ ನೋಡೋಣ ಎಂದರು. ನಾಲ್ಕೂಕಾಲು ಗಂಟೆಗೆ ಆಜ್ಞೆ ಹೊರಟುಹೋಯಿತು.

ಜಗದೇವಿಗೆ ಆಗ ತಾನು ಬರೆದುಕೊಟ್ಟ ಅಕ್ಕನ ಫೋನ್ ನಂಬರು ನೆನಪಾಯಿತು. ಚಪ್ಪಲಿ ಹಾಕಿಕೊಂಡಳೋ ಇಲ್ಲವೋ, ಓಡಿದಳು.

ವಾರ್ಡಿನಲ್ಲಿ ಭಾಗಮ್ಮ ಮಂಚದಿಂದಿಳಿದು ನಿಂತಿದ್ದಳು. ಕೈಯ ಸಲಾಯಿನ್ ಸೂಜಿ ತೆಗೆಸಿಕೊಂಡು ಹತ್ತಿ ಒತ್ತಿ ಹಿಡಿದಿದ್ದಳು. ಆಸ್ಪತ್ರೆಯ ನಿಲುವಂಗಿ ಮಡಚಿಟ್ಟು ತನ್ನ ಇಳಕಲ್ ಸೀರೆ ಉಟ್ಟಿದ್ದಳು. ಬಟ್ಟೆಯ ಗಂಟು ಮಂಚದ ಮೇಲಿತ್ತು. ನಾಲ್ಕು ದಿನದಿಂದ ಬೂದಿ ಬಣ್ಣಕ್ಕಿದ್ದ ಮುಖದಲ್ಲಿ ಕಳೆ ಬಂದಿತ್ತು. ಅಕ್ಕನ ಮುಖ ಹಾಗೆ ಅರಳಿದ್ದನ್ನು ಜಗದೇವಿ ತನ್ನ ನೌಕರಿಯ ಕಾಗದ ಬಂದ ದಿನ ಬಿಟ್ಟರೆ ಮತ್ತೆ ನೋಡಿರಲಿಲ್ಲ.

“ಬಂದಿ? ಛಲೋ ಆತು. ಇದನ್ನ ನೀನೊಂದ್ಸಲ ಓದು,” ಎಂದು ಫೋನು ಚಾಚಿದಳು. “ಸಿಸ್ಟರ್ ಓದಿ ಹೇಳ್ಯಾಳ, ಆದ್ರೂ ನೀ ಓದು. ನನ್ನ ಹೆಸರು ಬರದಾರ. ಶ್ರೀಮತಿ ಅಂತ ಹಾಕ್ಯಾರ. ಇದನ್ನ ಕಂಡುಹಿಡದಾಕಿ ನಾನೇ ಅಂತ. ನಾಳಿ ಹೆದ್ದಾರಿಗಿ ಬಂದು ಎಲ್ಲರ್ಗೂ ಕಲಸಬೇಕಂತ.”

“ಅಕ್ಕ, ಕುಂದ್ರು. ಡಾಕ್ಟರು ಏನ್ ಹೇಳ್ಯಾರ ಗೊತ್ತದಲ್ಲ?”

“ಗೊತ್ತದ.”

“ಸಾಯ್ತಿ ನೀನು.”

“ಎಂದರ ಸಾಯೋದೇ.” ಭಾಗಮ್ಮ ಗಂಟು ಎತ್ತಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಹಟವೂ ಇರಲಿಲ್ಲ. “ಐವತ್ತೆಂಟು ವರ್ಷ ಆತು ತಂಗಿ. ಭಾಗವ್ವ ಬಾ, ಭಾಗವ್ವ ಹೋಗು, ಇಷ್ಟೇ ಕೇಳೀನಿ. ನನ್ನ ಗಂಡನೂ ಒಂದಿನ ಛಲೋ ಮಾಡಿದಿ ಅಂದಿಲ್ಲ. ಇವತ್ತ ಅಷ್ಟು ದೊಡ್ಡೋರು ಹೆಸರು ಹಿಡದು ಕರದಾರ. ಬರಂಗಿಲ್ಲ ಅನ್ನಾಕ ಬಾಯಿ ಹ್ಯಾಂಗ ಬರ್ತದ? ಬಸ್ಸಿಗಿ ಬಿಡು ನನ್ನ.”

ಜಗದೇವಿ ಬೇಡಿಕೊಂಡಳು. ಗಂಟು ಕಸಿದುಕೊಳ್ಳಲು ಹೋದಳು. ಡಾಕ್ಟರನ್ನು ಕರೆಸಿದಳು, ಅವರು ಹೇಳಿ ಹೇಳಿ ಸೋತು ಹೋದರು. ಭಾಗಮ್ಮ ಎಲ್ಲರ ಮಾತಿಗೂ ತಲೆಯಾಡಿಸಿ, ನಗುತ್ತ, ಬಾಗಿಲ ಕಡೆಗೆ ಹೆಜ್ಜೆ ಹಾಕಿದಳು. ಕಾಲು ನಡುಗುತ್ತಿದ್ದವು. ಅವಳನ್ನು ನಿಲ್ಲಿಸುವ ಮಾತು ಒಂದೇ ಒಂದಿತ್ತು. ಅದನ್ನು ಆಡಬೇಕೆಂದು ಹೊಳೆದಾಗ ಜಗದೇವಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಅಕ್ಕ,” ಎಂದಳು. “ಅದು ನಿನಗೊಬ್ಬಾಕಿಗೇ ಬಂದಿದ್ದಲ್ಲ.”

ಭಾಗಮ್ಮ ನಿಂತಳು.

“ಊರಾಗಿನ ಎಲ್ಲಾ ಹೆಂಗಸರಿಗೂ ಬಂದದ. ಮಷಿನ್ ಕಳಸೋದು ಅದು. ಕಾಶಿಬಾಯಿಗೆ ಕಾಶಿಬಾಯಿ ಅಂತ ಬರ್ತದ, ನಿನಗ ನಿನ್ನ ಹೆಸರು ಬರ್ತದ. ಕೆಳಗ ಎಲ್ಲಾರ್ಗೂ ಅದೇ ಮಾತು, ಕಂಡುಹಿಡದಾಕಿ ನೀನೇ ಅಂತ. ಖುಷಿಯಿಂದ ಬರ್ಲಿ ಅಂತ ಹಂಗ ಬರೀತಾರ. ನೀ ಮಾಡಿದ್ದು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ.”

“ಎಲ್ಲಾರ್ಗೂ ಹಿಂಗೇ ಬರದಾರೇನು?”

“ಹೂಂ.”

“ನೀ ಕಚೇರ್ಯಾಗ ನೋಡಿಯೇನು?”

“ನಾನೇ ನೋಡೀನಿ ಅಕ್ಕ.”

ಭಾಗಮ್ಮ ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ತಿರುಗಿ ಬಂದು ಮಂಚದ ಮೇಲೆ ಕೂತಳು. ಗಂಟನ್ನು ಮೆಲ್ಲಗೆ ಕೆಳಗಿಟ್ಟಳು. ಮುಖದ ಕಳೆ ಇಳಿಯುವುದನ್ನು ಜಗದೇವಿ ಎದುರಿಗೇ ನಿಂತು ನೋಡಬೇಕಾಯಿತು.

“ಹೌದೇಳು,” ಎಂದಳು ಭಾಗಮ್ಮ. “ನಾನೂ ಅದನ್ನೇ ಅಂದ್ಕೊಂಡೆ. ಸಗಣಿ ಬಳಿಯೋರ ಹೆಸರು ಯಾರು ಬರೀತಾರ. ಹುಚ್ಚಿಯಂಗ ಸೀರಿ ಬ್ಯಾರೆ ಉಟ್ಕೊಂಡೆ.”

ಫೋನನ್ನು ತಂಗಿಯ ಕೈಗಿಟ್ಟಳು. “ಅದನ್ನ ಅಳಸಿಬಿಡು,” ಎಂದು ಗೋಡೆಯ ಕಡೆ ಮಗ್ಗುಲಾದಳು.

ಜಗದೇವಿ ಅಳಿಸಿದಳು.